ಮುಂಗೋಪಿಯ ಲಗಾಮು

ಬೆಳಿಗ್ಗೆ ಎಂಟಕ್ಕೆ ಅತ್ತೆ ಪತ್ರಿಕೆ ಓದುತ್ತಿದ್ದರು, ಮಾವ ಎಣಿಸುತ್ತಿದ್ದರು. ಎರಡು ವರ್ಷದಿಂದ ಮಾವನ ಕಣ್ಣಿಗೆ ಅಕ್ಷರ ಹತ್ತುತ್ತಿರಲಿಲ್ಲ. ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಗಟ್ಟಿಯಾಗಿ ಓದುವುದರಲ್ಲಿ ಆ ಮನೆಯಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ.

“ಬೆಲೆ ಏರಿಕೆಗೆ ಕಡಿವಾಣ.”

“ಒಂದು,” ಎಂದರು ಮಾವ.

“ಅತಿವೇಗದ ವಾಹನಗಳಿಗೆ ಕಡಿವಾಣ ಹಾಕಲು ಒತ್ತಾಯ.”

“ಎರಡು.”

“ಲಂಗುಲಗಾಮಿಲ್ಲದ ಖರ್ಚಿಗೆ ಆಕ್ಷೇಪ.”

“ಮೂರು. ಲಗಾಮು ಗೊತ್ತು. ಈ ಲಂಗು ಯಾವುದು? ಐವತ್ತು ವರ್ಷದಲ್ಲಿ ಒಬ್ಬನಾದ್ರೂ ಬಂದು ‘ಯಜಮಾನ್ರೇ, ಒಂದು ಲಂಗು ಹೊಲಿದುಕೊಡಿ’ ಅಂತ ಕೇಳಿಲ್ಲ.”

ಕೆಲಸದ ಮೇಜಿನ ಆಚೆ ಬದಿಯಲ್ಲಿ ದಾರಕ್ಕೆ ಮೇಣ ಹಚ್ಚುತ್ತಿದ್ದ ಸೊಸೆ ನಕ್ಕಳು. ಹನ್ನೊಂದು ವರ್ಷ ಅವಳು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ತಲೆಬರಹ ಕೊಡುತ್ತಿದ್ದವಳು. ಸಂಜೆಯ ಆವೃತ್ತಿ ನಿಂತಾಗ ಅವಳ ಕೆಲಸವೂ ನಿಂತಿತು. ಗಂಡನಿಗೆ ತೊಗಲಿನ ವಾಸನೆ ಆಗುತ್ತಿರಲಿಲ್ಲ. ಅವನು ಔಷಧಿ ಅಂಗಡಿ ಸೇರಿ ಹದಿನೈದು ವರ್ಷವಾಗಿತ್ತು. ಕುದುರೆಯ ಸರಂಜಾಮು ಹೊಲಿಯುವ ಮಾವನ ಎದುರು ಕಳೆದ ಒಂದೂವರೆ ವರ್ಷದಿಂದ ಕೂತಿದ್ದವಳು ಸೊಸೆ.

“ನೀನೆಷ್ಟು ಕಡಿವಾಣ ಹಾಕಿದ್ದೆ, ಹನ್ನೊಂದು ವರ್ಷದಲ್ಲಿ?”

“ಲೆಕ್ಕ ಇಟ್ಟಿಲ್ಲ ಮಾವ. ಚಿಕ್ಕ ಪದ. ಎರಡು ಕಾಲಂನಲ್ಲಿ ಚೆನ್ನಾಗಿ ಕೂರೋದು.”

“ಕಡಿವಾಣ ಹಾಕಿದ್ರೆ ಕುದುರೆ ನಿಲ್ಲುತ್ತೆ ಅಂದ್ಕೊಂಡಿದ್ದೀರಿ ನೀವೆಲ್ಲ. ಅದನ್ನ ಹಾಕೋದು ಹೊರಡೋಕೆ ಕಣಮ್ಮ. ನಿಲ್ಲಿಸೋಕಾದ್ರೆ ಲಾಯದ ಬಾಗಿಲು ಹಾಕಿದ್ರೆ ಸಾಕಲ್ಲ.”

“ಊರ ಕುದುರೆಗೆಲ್ಲ ಲಗಾಮು ಹೊಲಿದ್ರಿ,” ಎಂದರು ಅತ್ತೆ ಪತ್ರಿಕೆ ಮಡಚುತ್ತ. “ನಿಮ್ಮ ಬಾಯಿಗೊಂದು ಹೊಲ್ಕೊಳ್ಲಿಲ್ಲ.”

“ನಿಂಗೇ ಅಂತ ತೆಗೆದಿಟ್ಟಿದ್ದ ಚರ್ಮ ಕಣೇ ಅದು. ಅಳತೆ ಸಾಲಲಿಲ್ಲ.”

ಆ ದಿನ ಸೊಸೆಗೆ ನಗು ಸ್ವಲ್ಪ ಕಷ್ಟದಿಂದಲೇ ಬಂದಿತ್ತು. ತಾನೇ ಅಳೆದು, ತಾನೇ ಕತ್ತರಿಸಿ, ತಾನೇ ಹೊಲಿದ ಮೊದಲ ಲಗಾಮು ಮೂರು ದಿನದ ಹಿಂದೆ ಸವಾರಿ ಶಾಲೆಗೆ ಹೋಗಿತ್ತು, ಮುಂಗೋಪಿ ಎಂಬ ಅಡ್ಡಹೆಸರಿನ ಕಂದು ಹೆಣ್ಣುಕುದುರೆಗೆ. ಅಲ್ಲಿಯವರೆಗೆ ಅಳತೆ ತೆಗೆಯುವುದು, ತೂತು ಕೊರೆಯುವುದು ಮಾವನದೇ ಕೆಲಸ. ಸೊಸೆ ಅವರ ಕೈಹಿಡಿದು ಲಾಯಕ್ಕೆ ಕರೆದೊಯ್ಯುತ್ತಿದ್ದಳು, ಬಂದು ಹೊಲಿಯುತ್ತಿದ್ದಳು. ಈ ಸಲ ಮಾವ, “ನೀನೇ ಹೋಗಿ ಅಳೆದುಕೊಂಡು ಬಾ,” ಎಂದಿದ್ದರು. ಮುಗಿದ ಮೇಲೆ ಅದರ ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಓಡಿಸಿ, ಅಂಗುಲಕ್ಕೆ ಎಂಟು ಹೊಲಿಗೆ ಎಂದು ಎಣಿಸಿ, ಎರಡು ಸಲ ಮೂಸಿ, ತಪ್ಪು ಸಿಗದೆ ಕೆಳಗಿಟ್ಟಿದ್ದರು.

“ಅಚ್ಚು ಹೊಡೀತೀರಾ ಮಾವ?”

“ಮೂರು ದಿನ ಆಗ್ಲಿ. ಕುದುರೆ ಹೇಳ್ಲಿ.”

ಅಂಗಡಿಯ ಗುರುತಿನ ಆ ಹಿತ್ತಾಳೆಯ ಅಚ್ಚು ಮಾವನ ತಂದೆಯ ಕಾಲದ್ದು, ಬೆರಳುದ್ದದ್ದು. ಕೆನ್ನೆಯ ಪಟ್ಟಿಯ ಒಳಬದಿಗೆ ಅದನ್ನಿಟ್ಟು ಸುತ್ತಿಗೆಯಿಂದ ಒಂದೇ ಏಟು. ಅದರ ಕೆಳಗೆ ವರ್ಷದ ಕೊನೆಯ ಎರಡು ಅಂಕಿ. ಅಚ್ಚಿಲ್ಲದ ಲಗಾಮನ್ನು ಸವಾರಿ ಶಾಲೆ ಕೊಳ್ಳುತ್ತಿರಲಿಲ್ಲ. ಮಾವ ತಾವು ಅಳೆದು ಕೊರೆಯದ ಲಗಾಮಿಗೆ ಅಚ್ಚು ಹೊಡೆದರೆ ಅಂಗಡಿ ಅವರ ನಂತರವೂ ಉಳಿಯುತ್ತದೆ, ಹೊಡೆಯದಿದ್ದರೆ ಅವರೊಂದಿಗೇ ಮುಗಿಯುತ್ತದೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ ಎಂದರೆ ವಿಷಯ ಎಷ್ಟು ದೊಡ್ಡದೆಂದು ತಿಳಿಯಬೇಕು.

ಒಂಬತ್ತೂವರೆಗೆ ಸೊಸೆ ಸವಾರಿ ಶಾಲೆ ತಲುಪಿದಳು. ಮುಂಗೋಪಿ ಲಾಯದ ಮುಂದೆ ಕಟ್ಟಿಸಿಕೊಂಡು ನಿಂತಿತ್ತು. ಲಗಾಮು ತೊಡಿಸಿಯಾಗಿತ್ತು. ಅದು ಕತ್ತು ಬಗ್ಗಿಸುವುದು, ತಟ್ಟನೆ ತಲೆ ಮೇಲಕ್ಕೆಸೆಯುವುದು. ಮತ್ತೆ ಬಗ್ಗಿಸುವುದು, ಮತ್ತೆ ಎಸೆಯುವುದು.

“ಮೂರು ದಿನದಿಂದಲೂ ಹಿಂಗೇನಾ?” ಎಂದು ಕೇಳಿದಳು.

“ಹೆಸರೇ ಮುಂಗೋಪಿ ಅಲ್ವೇನಕ್ಕ,” ಎಂದ ಲಾಯದ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಅಲ್ಲಿನ ಕುದುರೆಗಳನ್ನು ನೋಡಿಕೊಳ್ಳುವವನು. ಸುಳ್ಳು ಹೇಳುವಾಗ ಕುದುರೆಯ ಮೈ ಉಜ್ಜುವುದು ಅವನ ಅಭ್ಯಾಸ. ಈಗಲೂ ಉಜ್ಜುತ್ತಿದ್ದ.

ಕುದುರೆಯ ಗಂಟಲ ಕೆಳಗೆ ಹಾದುಹೋಗುವ ಪಟ್ಟಿ ಒಂದಿರುತ್ತದೆ. ಬಿಗಿಯಾದರೆ ಕತ್ತು ಬಗ್ಗಿಸಿದಾಗ ಉಸಿರು ಕಟ್ಟುತ್ತದೆ; ಸಡಿಲವಾದರೆ, ಕಂಬಕ್ಕೆ ತಲೆ ಉಜ್ಜಿದಾಗ ಇಡೀ ಲಗಾಮು ಕಿವಿ ದಾಟಿ ಕಳಚಿಕೊಳ್ಳುತ್ತದೆ. ಪಟ್ಟಿಗೂ ದವಡೆಗೂ ನಡುವೆ ನಾಲ್ಕು ಬೆರಳು ಒಟ್ಟಾಗಿ ಹಿಡಿಯಬೇಕು. ಇದು ಮಾವ ಕಲಿಸಿದ ಮೊದಲ ಪಾಠ. ಪಟ್ಟಿಗೆ ಮೂರು ತೂತು; ಹೊಸ ಲಗಾಮು ಮಧ್ಯದ ತೂತಿಗೇ ಸರಿಹೋಗಬೇಕು, ಅಕ್ಕಪಕ್ಕದವು ಕುದುರೆ ಇಳಿದರೆ ಬೆಳೆದರೆ ಎಂದು.

ಸೊಸೆ ಬೆರಳು ತೂರಿಸಿ ನೋಡಿದಳು. ನಾಲ್ಕೂ ಸಲೀಸಾಗಿ ಹೋದವು.

“ಸರಿಯಾಗೇ ಇದೆಯಲ್ಲ?”

ಮೇಸ್ತ್ರಿ ತನ್ನ ಕೈ ತೂರಿಸಿದ. ಮೂರು ಬೆರಳು ಹೋದವು, ನಾಲ್ಕನೆಯದು ಹೊರಗುಳಿಯಿತು. ಅವನು ಪಟ್ಟಿಯನ್ನು ಒಂದು ತೂತು ಸಡಿಲಿಸಿದ. ಮುಂಗೋಪಿ ಕತ್ತು ಬಗ್ಗಿಸಿತು, ಬಗ್ಗಿಸಿಕೊಂಡೇ ಇದ್ದು, ಅವಳ ಚಪ್ಪಲಿ ಮೂಸಿತು.

ಸೊಸೆ ತನ್ನ ಕೈಯನ್ನೂ ಅವನ ಕೈಯನ್ನೂ ನೋಡಿದಳು. ನಾಲ್ಕು ಬೆರಳು ಅಂದರೆ ಯಾರ ನಾಲ್ಕು ಬೆರಳು ಎಂದು ಅವಳು ಕೇಳಿರಲಿಲ್ಲ. ಸುದ್ದಿಮನೆಯಲ್ಲಿ ಯಾವ ವರದಿಗಾರನನ್ನೂ ಅಷ್ಟು ಸುಲಭವಾಗಿ ಬಿಟ್ಟವಳಲ್ಲ.

“ಮಧ್ಯದ ತೂತು ತಪ್ಪಿದೆ,” ಎಂದಳು. “ಮಾವ ಅಚ್ಚು ಹೊಡೆಯಲ್ಲ.”

“ಅಯ್ಯೋ, ಒಂದು ತೂತಿಗೆ ಯಾಕಕ್ಕ ಇಷ್ಟು ಮುಖ ಸಣ್ಣ ಮಾಡ್ಕೋತೀರಿ? ಸಡಿಲ ಮಾಡಿದ್ರಾಯ್ತು. ಯಜಮಾನ್ರದ್ದಾದ್ರೆ ನಾನೇ ಕೂತ್ಕೊಂಡು ಹೊಸ ತೂತು—”

ಅವನು ಮತ್ತೆ ಕುದುರೆ ಉಜ್ಜತೊಡಗಿದ.

“ಹೊಸ ತೂತು ಏನು?”

“ಏನಿಲ್ಲ.”

“ಮೇಸ್ತ್ರೀ.”

ಲಾಯದ ಒಳಗೋಡೆಯ ಮೊಳೆಗಳಿಗೆ ಹದಿನಾಲ್ಕು ಲಗಾಮು ತೂಗುತ್ತಿದ್ದವು. ಸೊಸೆ ಒಂದೊಂದನ್ನೇ ತಿರುಗಿಸಿ ಅಚ್ಚಿನ ಕೆಳಗಿನ ವರ್ಷ ನೋಡಿದಳು, ತೂತು ಎಣಿಸಿದಳು. ಹಳೆಯ ಎಂಟರಲ್ಲಿ ಮೂರೇ ತೂತು. ಮಧ್ಯದ್ದು ಬಕಲಿನ ಕಡ್ಡಿಗೆ ಸವೆದು ಹೊಳೆಯುತ್ತಿತ್ತು. ಕಳೆದ ನಾಲ್ಕು ವರ್ಷದಲ್ಲಿ ಬಂದ ಆರರ ಪೈಕಿ ಐದಕ್ಕೆ ನಾಲ್ಕು ತೂತು, ಒಂದಕ್ಕೆ ಐದು. ಮಾವನ ಉಳಿಯ ತೂತು ಉದ್ದುದ್ದಕ್ಕೆ, ಅಕ್ಕಿಕಾಳಿನ ಆಕಾರ. ಹೆಚ್ಚುವರಿ ತೂತುಗಳು ಬರೀ ದುಂಡಗೆ, ಅಂಚು ಹರಿದಿತ್ತು. ಆ ಆರರಲ್ಲಿ ಎರಡನ್ನು ಹೊಲಿದವಳು ಅವಳೇ.

“ಬಿಗಿ ತೂತಿಗೆ ಹಾಕಿದ್ರೂ ಸಡಿಲ ಬರ್ತಿತ್ತು,” ಎಂದ ಮೇಸ್ತ್ರಿ ಬಾಗಿಲಲ್ಲಿ ನಿಂತು. “ಮೊದಲನೇದು ಬಂದಾಗ ಹೇಳೋಣ ಅಂದ್ಕೊಂಡೆ. ಅವತ್ತು ಯಜಮಾನ್ರು ಬೆರಳು ಮಡಚೋಕಾಗದೆ ಚಹಾದ ಲೋಟ ಎರಡು ಕೈಯಲ್ಲಿ ಹಿಡ್ಕೊಂಡಿದ್ರು. ಬಾಯಿ ಬರ್ಲಿಲ್ಲ. ಮೊಳೆ ಕಾಯಿಸಿ ಒಂದು ತೂತು ಮಾಡ್ದೆ. ಐವತ್ತು ವರ್ಷದ ಕೈ ಅಕ್ಕ. ನೀವೂ ಹೇಳ್ಬೇಡಿ.”

“ನೀವು ರಜೆ ಹಾಕಿದ ದಿನ ಯಾರಾದ್ರೂ ಹೊಸಬರು ಮಧ್ಯದ ತೂತಿಗೇ ಹಾಕಿದ್ರೆ?”

“ನಾನು ರಜೆ ಹಾಕೇ ಇಲ್ಲವಲ್ಲ,” ಎಂದ ಅವನು.

ಅದು ತಮಾಷೆಯ ಮಾತಲ್ಲ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಮುಂಗೋಪಿಯ ಲಗಾಮನ್ನು ಚೀಲಕ್ಕೆ ಹಾಕಿಕೊಂಡು ಅವಳು ನಡೆದೇ ಮನೆಗೆ ಬಂದಳು. ಪತ್ರಿಕೆಯಲ್ಲಿ ಎರಡನೇ ಪುಟದ ಕೆಳಗೆ ತಿದ್ದುಪಡಿ ಬರೆಯುವುದು ಅವಳ ಕೆಲಸವಾಗಿತ್ತು. ‘ಹೀಗೆ ಪ್ರಕಟವಾಗಿತ್ತು, ಹೀಗಿರಬೇಕಿತ್ತು.’ ಬರೆದಾಗಲೆಲ್ಲ ಒಬ್ಬ ಸಹೋದ್ಯೋಗಿಯ ಮುಖ ಬಾಡುತ್ತಿತ್ತು, ಮಾರನೆಯ ದಿನ ಸರಿಹೋಗುತ್ತಿತ್ತು. ಆದರೆ ಅವರಲ್ಲಿ ಯಾರೂ ಅವಳಿಗೆ ದಬ್ಬಳ ಹಿಡಿಯಲು ಕಲಿಸಿದವರಲ್ಲ. ತನ್ನ ತಪ್ಪನ್ನು ಮಾತ್ರ ಹೇಳಿ, ತೂತು ಸರಿಸಿ, ಸುಮ್ಮನಿದ್ದರೆ ಅಚ್ಚು ಇವತ್ತಲ್ಲ ನಾಳೆ ಸಿಗುತ್ತದೆ. ಇನ್ನೊಂದನ್ನೂ ಹೇಳಿದರೆ, ಅವರು ಆ ಹಿತ್ತಾಳೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಬಿಟ್ಟರೆ?

ಮಾವ ಅದೇ ಜಾಗದಲ್ಲಿ ಕೂತಿದ್ದರು. ಅತ್ತೆ ಬಾಗಿಲ ಬಳಿ ಅವರೆಕಾಳು ಸುಲಿಯುತ್ತಿದ್ದರು.

“ಏನಂದ್ಲು ಮುಂಗೋಪಿ?”

“ಒಂದು ತೂತು ಬಿಗಿ ಅಂದ್ಲು ಮಾವ.”

“ಹೂಂ.” ಮಾವ ಪಟ್ಟಿ ಕೈಗೆ ತೆಗೆದುಕೊಂಡು ಸವರಿದರು. “ಬಿಗಿ ಯಾಕಾಯ್ತು?”

“ನನ್ನ ಬೆರಳು ಸಣ್ಣ.”

ಮಾವ ಅವಳ ಕೈ ಹಿಡಿದು ತಮ್ಮ ಅಂಗೈ ಮೇಲಿಟ್ಟು ನೋಡಿದರು. ನಕ್ಕರು. “ಹೌದಲ್ಲಮ್ಮ. ನಾನು ಹೇಳಲೇ ಇಲ್ಲ. ತಪ್ಪು ನಂದು. ಇನ್ಮೇಲೆ ಅಳತೆಗೆ ನನ್ನ ಕೈಯನ್ನೇ ಕರ್ಕೊಂಡು ಹೋಗು.”

ಅಲ್ಲಿಗೆ ಮುಗಿಯಬಹುದಿತ್ತು. ಸೊಸೆ ಕೈ ಬಿಡಿಸಿಕೊಳ್ಳಲಿಲ್ಲ.

“ಮಾವ, ನಿಮ್ಮ ಕೈಯದ್ದೂ ತಪ್ತಾ ಇದೆ. ಸಡಿಲ ಆಗ್ತಿದೆ.”

ಅತ್ತೆಯ ಕೈಯಲ್ಲಿ ಅವರೆಕಾಯಿ ಸಿಪ್ಪೆ ಹಾಗೇ ನಿಂತಿತು.

“ಎಷ್ಟರಲ್ಲಿ?” ಎಂದರು ಮಾವ.

“ಆರು. ನಾಲ್ಕು ವರ್ಷದಲ್ಲಿ.”

“ಮೇಸ್ತ್ರಿ ತೂತು ಕೊರೆದಿದ್ದಾನೆ.”

“ಹೂಂ.”

“ದುಂಡು ತೂತಾ?”

“ದುಂಡು.”

“ಮೊಳೇಲಿ ಕೊರೆದಿರ್ತಾನೆ, ಕತ್ತೆ. ಚರ್ಮ ಹರಿಯುತ್ತೆ ಅಂತಲೂ ಗೊತ್ತಿಲ್ಲ ಅವನಿಗೆ.” ಮಾವ ಬಲಗೈಯ ಉಂಗುರದ ಬೆರಳನ್ನು ಎಡಗೈಯಿಂದ ತಿರುವುತ್ತ ಕೂತರು. ಅಲ್ಲಿ ಉಂಗುರ ಇರಲಿಲ್ಲ. ಗೆಣ್ಣು ಊದಿ, ಅಕ್ಕಸಾಲಿಗನಿಂದ ಅದನ್ನು ಕತ್ತರಿಸಿ ತೆಗೆಸಿದ್ದು ನಾಲ್ಕು ವರ್ಷದ ಹಿಂದೆ.

ಸೊಸೆ ಎದ್ದು ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ. ಆಮೇಲೆ ಮೇಜಿನ ತಮ್ಮ ಬದಿಯ ಅಂಚನ್ನು ಹೆಬ್ಬೆರಳಿನಿಂದ ತಡವತೊಡಗಿದರು. ಮೇಣದ ಡಬ್ಬಿ ಸರಿಸಿದರು. ಉಗುರಿನಿಂದ ಕೆರೆದರು. ವರ್ಷಗಟ್ಟಲೆ ಕೂತ ಮೇಣ ಸುರುಳಿಯಾಗಿ ಎದ್ದು ಬಂತು.

“ಇಲ್ಲಿ ನೋಡು. ಎರಡು ಗೀರು ಇರ್ಬೇಕು.”

ಇದ್ದವು. ಚಾಕುವಿನಿಂದ ಆಳವಾಗಿ ಹಾಕಿದ ಎರಡು ಗೀರು.

“ನಂಗೆ ಹದಿನೇಳು. ನಿಂಗಾದ ಹಾಗೇ ಆಯ್ತು, ಎಲ್ಲ ಬಿಗಿ. ನಮ್ಮಪ್ಪ ಇಲ್ಲಿ ತಮ್ಮ ಕೈಯಿಟ್ಟು ಗೀರು ಹಾಕ್ಕೊಟ್ರು. ಹಗ್ಗಕ್ಕೆ ಈ ಅಳತೆಗೆ ಗಂಟು ಹಾಕ್ಕೊಂಡು ಲಾಯಕ್ಕೆ ಹೋಗ್ತಿದ್ದೆ. ಒಂದು ದಿನ ನೋಡ್ತೀನಿ, ನನ್ನ ನಾಲ್ಕು ಬೆರಳು ಗೀರಿಗೆ ಸರಿಯಾಗಿ ಕೂತ್ಬಿಡ್ತು. ಎಷ್ಟು ಖುಷಿ ಆಯ್ತು ಅಂತೀಯಾ. ಅವತ್ತಿಂದ ಗೀರು ನೋಡೋದೇ ಬಿಟ್ಟೆ.”

ಅವರು ಗೀರುಗಳ ಮೇಲೆ ನಾಲ್ಕು ಬೆರಳಿಟ್ಟರು. ಕಿರುಬೆರಳು ಪೂರ್ತಿ ಗೀರಿನ ಆಚೆ ಬಿತ್ತು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಬೆರಳಿಗೇ ಗೊತ್ತಾಯಿತು.

“ನೀನಿಡು.”

ಸೊಸೆ ಇಟ್ಟಳು. ಅವಳ ಬೆರಳ ಆಚೆ ಪೆನ್ಸಿಲ್ ದಪ್ಪದಷ್ಟು ಜಾಗ ಉಳಿಯಿತು.

“ಒಳ್ಳೇ ಜೋಡಿ,” ಎಂದರು ಮಾವ. “ಒಬ್ರು ಕತ್ತು ಹಿಸುಕೋರು, ಒಬ್ರು ಕಳಚಿ ಬೀಳಿಸೋರು.” ಬಾಗಿಲ ಕಡೆ ತಿರುಗಿದರು. “ಏನೇ, ಯಾರು ನಿನ್ನ ಬಾಯಿಗೆ ಲಗಾಮು ಹಾಕಿದ್ದು? ಏನಾದ್ರೂ ಮಾತಾಡೇ. ನೀನು ಸುಮ್ನಿದ್ರೆ ನಂಗೆ ಭಯ ಆಗುತ್ತೆ.”

“ಏನು ಮಾತಾಡ್ಲಿ?” ಎಂದರು ಅತ್ತೆ. ಸೆರಗಿನಿಂದ ಮೂಗೊರೆಸಿಕೊಂಡರು. “ಉಂಗುರ ಕತ್ತರಿಸಿದ ದಿನಾನೇ ಹೇಳ್ದೆ, ಡಾಕ್ಟರ ಹತ್ರ ಹೋಗಿ ಅಂತ. ಅವರೇನು ಕುದುರೆ ಡಾಕ್ಟರಾ ಅಂದ್ರಿ. ಈಗ ನೋಡಿ.”

“ಹಾಂ. ಹಿಂಗೆ.”

ಮಧ್ಯಾಹ್ನ ಸೊಸೆ ಗಟ್ಟಿ ತೊಗಲಿನ ಒಂದು ತುಂಡನ್ನು ಎರಡು ಗೀರಿನ ಅಳತೆಗೆ ಕತ್ತರಿಸಿದಳು. ಮುಂಗೋಪಿಗೆ ಹೊಸ ಗಂಟಲ ಪಟ್ಟಿ ಹೊಲಿದಳು. ಉಳಿದ ಆರಕ್ಕೂ ಪಟ್ಟಿ ಕೊಯ್ದಿಟ್ಟಳು. ಮಾವ ಅಚ್ಚು ತೆಗೆದು ಅವಳ ಮುಂದೆ ಇಟ್ಟರು.

“ಹೊಡಿ.”

“ಮೂರು ದಿನ ಆಗ್ಲಿ ಮಾವ. ಕುದುರೆ ಹೇಳ್ಲಿ.”

“ಕುದುರೆಗಳು ನಾಲ್ಕು ವರ್ಷದಿಂದ ಹೇಳ್ತಾನೇ ಇದ್ವು. ತಂದು ಮುಟ್ಟಿಸಿದವಳು ನೀನೊಬ್ಬಳೇ.” ಆದರೂ ಒತ್ತಾಯಿಸಲಿಲ್ಲ. ಅಚ್ಚನ್ನು ತಮ್ಮ ಪೆಟ್ಟಿಗೆಗೆ ವಾಪಸು ಹಾಕಲೂ ಇಲ್ಲ. ಅದು ಮೇಜಿನ ಅವಳ ಬದಿಯಲ್ಲೇ, ದಾರದ ಉಂಡೆಯ ಪಕ್ಕ ಉಳಿಯಿತು.

ನಾಲ್ಕನೆಯ ದಿನ ಇಬ್ಬರೂ ಲಾಯಕ್ಕೆ ಹೋದರು. ಮೇಸ್ತ್ರಿ ಇವರನ್ನು ಕಂಡೊಡನೆ ಹತ್ತಿರದಲ್ಲಿದ್ದ ಕುದುರೆಯನ್ನು ಉಜ್ಜತೊಡಗಿದ.

“ಆ ಬಡಪಾಯಿ ಚರ್ಮ ಸುಲಿದುಹೋಗುತ್ತೆ, ಬಿಡಯ್ಯ,” ಎಂದರು ಮಾವ. ಅವನ ಹೆಗಲ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ತೆಗೆಯಲಿಲ್ಲ. “ನಾಳೆ ರಜೆ ಹಾಕು. ಹೆಂಡತಿ ಮಕ್ಕಳ ಮುಖ ನೋಡ್ಕೊಂಡು ಬಾ.”

ಮುಂಗೋಪಿ ಕತ್ತು ಬಗ್ಗಿಸಿ ಹುಲ್ಲು ತಿನ್ನುತ್ತಿತ್ತು. ಸೊಸೆ ತೊಗಲಿನ ತುಂಡನ್ನು ಪಟ್ಟಿಗೂ ದವಡೆಗೂ ನಡುವೆ ತೂರಿಸಿದಳು. ಹಿಡಿಯಿತು, ಅಲುಗಲಿಲ್ಲ. ಬಕಲು ಮಧ್ಯದ ತೂತಿನಲ್ಲಿತ್ತು.

ಲಗಾಮು ಕಳಚಿ, ಮರದ ಸ್ಟೂಲಿನ ಮೇಲೆ ಕೆನ್ನೆಯ ಪಟ್ಟಿಯನ್ನು ಮಗುಚಿ ಹಾಸಿದಳು. ಅಚ್ಚನ್ನು ನೇರವಾಗಿ ನಿಲ್ಲಿಸುವುದು ಅವಳಿಗೆ ಹೊಸದು, ಅದು ವಾಲುತ್ತಿತ್ತು. ಮಾವ ಸ್ಟೂಲಿನ ಎದುರು ಕುಕ್ಕರಗಾಲಿನಲ್ಲಿ ಕೂತು, ಊದಿದ ಎರಡು ಬೆರಳಿನಿಂದ ಅಚ್ಚು ಹಿಡಿದರು. ಕಣ್ಣು ಬೇರೆಲ್ಲೋ ಇತ್ತು. ಅಚ್ಚು ಮಾತ್ರ ನೆಟ್ಟಗೆ ನಿಂತಿತು. ಸೊಸೆ ಸುತ್ತಿಗೆ ಎತ್ತಿದಳು.

“ನೋಡ್ಕೊಂಡು ಹೊಡಿಯಮ್ಮ,” ಎಂದರು ಮಾವ. “ಬೆರಳಿಗೆ ಬಿದ್ರೆ ಅಳತೆ ಇನ್ನೂ ಕೆಡುತ್ತೆ.”