ಓದಬೇಕಾದ ಒಂದು ಸಾಲು

"ಇದನ್ನ ನಾನು ಓದೋದಿಲ್ಲ," ಎನ್ನುತ್ತ ಐಲಾ ಹೂಗುಚ್ಛದ ರಿಬ್ಬನ್ ಬಿಚ್ಚಲು ಹೋದಳು. ಗಂಟು ಬಿಗಿಯಾಗಿತ್ತು, ಬಿಚ್ಚಲಿಲ್ಲ. ರಾಜಧಾನಿ ಹೆಲ್ಸಿಂಕಿಯಿಂದ ಬಂದ ಸರ್ಕಾರಿ ಅಧಿಕಾರಿ ಅವಳ ಕೈಯನ್ನೇ ನೋಡುತ್ತ ನಿಂತಿದ್ದ. 'ದೇಶವನ್ನು ಶಾಂತಿಯ ದಾರಿಯಲ್ಲಿ ನಡೆಸಿದ ತಂದೆಗೆ' ಎಂದು ಅದರ ಮೇಲೆ ಬರೆಸಿ ತಂದವನು ಅವನೇ.

"ಪತ್ರಿಕೆಯವರೆಲ್ಲ ಬಂದಿದಾರೆ ಮೇಡಂ. ಏನಾದ್ರೂ ಓದಲೇಬೇಕಲ್ಲ."

"ಓದ್ತೀನಿ. ನನಗೆ ಬೇಕಾದ್ದನ್ನ."

ಓದಬೇಕಾದದ್ದಂತೂ ನಿಜ. ಶವಪೆಟ್ಟಿಗೆಯ ಮುಂದೆ ಹೂ ಇಟ್ಟವರು ರಿಬ್ಬನ್ನಿನ ಮೇಲಿನ ಮಾತನ್ನು ಎಲ್ಲರಿಗೂ ಕೇಳುವಂತೆ ಓದುವುದು ಅಲ್ಲಿನ ಪದ್ಧತಿ. ಮೊದಲ ಸರದಿ ಮನೆಯವರದು, ಮನೆಯವರೆಂದರೆ ತೀರಿಕೊಂಡವರ ಒಬ್ಬಳೇ ಮಗಳು ಐಲಾ.

ಹಿಂದಿನ ಬೆಂಚಿನಲ್ಲಿ ಸೋದರತ್ತೆ ಹಿಲ್ಕಾ ಪಕ್ಕದವಳ ಕಿವಿ ಕಚ್ಚುತ್ತಿದ್ದಳು. "ರಾಯಭಾರ ಕಚೇರಿಗೆ ಗುಮಾಸ್ತನಾಗಿ ಸೇರಿದವನು ವಿದೇಶಾಂಗ ಮಂತ್ರಿ ಆದ, ನಮ್ಮ ತೌನೊ. ಜಗಳಗಂಟ ದೇಶಗಳನ್ನೆಲ್ಲ ಒಂದು ಮೇಜಿಗೆ ಕೂರಿಸಿದ. ಮನೆ ಮೇಜಿಗೆ ಮಾತ್ರ ತಾನು ಕೂರಲಿಲ್ಲ ಬಿಡು."

*

ಅಮ್ಮ ಲೆಂಪಿ ಸತ್ತಾಗ ಐಲಾಗೆ ಹನ್ನೊಂದು ವರ್ಷ. ಇದೇ ಚರ್ಚು, ಇಂಥದೇ ಹಿಮ. ಅಪ್ಪ ಜಿನೀವಾದಲ್ಲಿ ಶಾಂತಿ ಮಾತುಕತೆಯಲ್ಲಿದ್ದಾರೆ, ಹಿಮದಿಂದಾಗಿ ವಿಮಾನ ಹೊರಡಲಿಲ್ಲ ಎಂದು ಅಪ್ಪನ ಆಪ್ತ ಕಾರ್ಯದರ್ಶಿ ಲೌರಿ ಹೇಳಿದರು. ಅಪ್ಪನ ಹೂವನ್ನೂ ಲೌರಿಯೇ ಇಟ್ಟು, ರಿಬ್ಬನ್ ಓದಿದರು: 'ಪ್ರೀತಿಯ ಲೆಂಪಿಗೆ, ನಿನ್ನ ತೌನೊ.' ಆ ಮಾತು ಬೇರೆಯವರ ಬಾಯಲ್ಲಿ ಕೇಳಿ ಹುಡುಗಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಆದರೂ ಅಪ್ಪನನ್ನು ಕ್ಷಮಿಸಿದಳು. ಹಿಮ ಬಿದ್ದರೆ ಯಾರು ತಾನೇ ಏನು ಮಾಡಿಯಾರು?

*

ಲೌರಿ ಈಗ ಹಣ್ಣುಹಣ್ಣು ಮುದುಕರು. ಕೋಲೂರಿಕೊಂಡು ಬಂದು ಅವಳ ಪಕ್ಕದಲ್ಲಿ ಕೂತರು.

"ಏನು ಓದ್ತೀಯಮ್ಮ?"

"'ಕೊನೆಗೂ ಚರ್ಚಿಗೆ ಬಂದ ಅಪ್ಪನಿಗೆ' ಅಂತ."

ಲೌರಿ ಕೋಲನ್ನು ಬೆಂಚಿಗೆ ಒರಗಿಸಿದರು.

"ಅವತ್ತೂ ಬಂದಿದ್ರು. ವಿಮಾನ ಸರಿಯಾಗೇ ಬಂತು. ಈ ಚರ್ಚಿನ ಗೇಟಿನ ತನಕ ಇಬ್ಬರೂ ಒಟ್ಟಿಗೇ ಬಂದ್ವಿ. ಅಲ್ಲಿ ಹೂವನ್ನ ನನ್ನ ಕೈಗೆ ತುರುಕಿದ್ರು. 'ನನ್ನ ಕೈಲಾಗಲ್ಲ, ನೀನೇ ಓದು' ಅಂದ್ರು. ಮುಗಿಯೋ ತನಕ ಕಾರಲ್ಲೇ ಕೂತಿದ್ರು. ಹಿಮದ ಕತೆ ಹೇಳು ಅಂದಿದ್ದೂ ಅವರೇ."

"ನಾನಿಲ್ಲಿದ್ದೆ ಮಾಮ. ಇದೇ ಬೆಂಚಲ್ಲಿ."

"ಗೊತ್ತಿತ್ತು ಅವರಿಗೆ. ಬಾಗಿಲು ತೆಗೆದಿತ್ತಲ್ಲ, ನಿನ್ನ ಕೆಂಪು ಟೋಪಿ ಕಾಣ್ತಿತ್ತಂತೆ."

ಐಲಾಳ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಅವಳು ಕ್ಷಮಿಸಿದ್ದು ದೂರದಲ್ಲಿದ್ದ ಅಪ್ಪನನ್ನು. ಗೇಟಿನಲ್ಲಿದ್ದವರನ್ನು ಹೇಗೆ ಕ್ಷಮಿಸುವುದು?

ಸರದಿ ಬಂತೆಂದು ಪಾದ್ರಿ ಅವಳತ್ತ ನೋಡಿ ತಲೆಯಾಡಿಸಿದರು. ಐಲಾ ಹೂ ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮತ್ತೊಮ್ಮೆ ತೆರೆದಳು. ಆಗಲೂ ಇಲ್ಲ. ತಿರುಗಿ ಬಂದು ಹೂವನ್ನು ಲೌರಿಯ ಮಡಿಲಲ್ಲಿ ಹಾಕಿದಳು.

"ನೀವೇ ಓದಿ ಮಾಮ," ಎಂದು ಪಿಸುಗುಟ್ಟಿ, ಯಾರ ಮುಖವನ್ನೂ ನೋಡದೆ ಹೊರನಡೆದಳು.

ಗೇಟಿನಲ್ಲಿ ಸರ್ಕಾರಿ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಳು.

"ಎಲ್ಲಿಗೆ ಮೇಡಂ?" ಎಂದ ಚಾಲಕ.

"ಎಲ್ಲಿಗೂ ಬೇಡ. ಇಲ್ಲೇ ಇರಲಿ."

ಕಿಟಕಿಗೆ ಹಿಮ ಕೂತಿತ್ತು. ಗಾಜು ಇಳಿಸಿದಳು. ಚರ್ಚಿನ ತೆರೆದ ಬಾಗಿಲಿನಾಚೆ ಲೌರಿ ರಿಬ್ಬನ್ನನ್ನು ಕಣ್ಣಿನ ಹತ್ತಿರ ಹಿಡಿದು ನಿಂತಿದ್ದರು. ಅವರ ಹಿಂದೆ, ಮೊದಲ ಬೆಂಚಿನಲ್ಲಿ, ಅವಳು ಎದ್ದುಬಂದ ಜಾಗ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು.