ಸಾಲಿಗೊಂದು ಉಫ್

"ಇಳಿಸ್ರಪ್ಪಾ, ಇಳಿಸಿ!" ಎಂದು ಯೆಹೂದಿ ಧರ್ಮಗುರು ರಬ್ಬಿ ಸ್ಯೋನ್ ಕೂಗುವಷ್ಟರಲ್ಲಿ ಬುಗೀದ್ ಚಟ್ಟದ ಮುಂದಿನ ಕೊನೆಯನ್ನು ಹೆಗಲಿಗೇರಿಸಿಕೊಂಡಾಗಿತ್ತು. "ಖದ್ದೀಷ್ ಹೇಳೋರ್ಯಾರು ಅಂತ್ಲೇ ತೀರ್ಮಾನ ಆಗ್ಲಿಲ್ವಲ್ಲ!"

ಚಟ್ಟವನ್ನು ಒಲೆಯ ಪಕ್ಕ ಇಳಿಸಿದರು. ಖದ್ದೀಷ್ ಎಂದರೆ ಸತ್ತವರಿಗಾಗಿ ಮಕ್ಕಳು ಹೇಳುವ ಪ್ರಾರ್ಥನೆ. ಚಟ್ಟದ ಮೇಲಿದ್ದ ಕಮ್ಮೂನತ್ತೆಗೆ ಮಕ್ಕಳಿರಲಿಲ್ಲ. ಇದ್ದದ್ದು ಜೆರ್ಬಾ ದ್ವೀಪದ ಹುಡುಗರ ಪಾಠಶಾಲೆಯ ಗೋಡೆಗಂಟಿದ ಈ ಅಂಗಳ, ಇದ್ದಿಲ ಒಲೆ, ಮೊಟ್ಟೆ ತುಂಬಿದ ಬ್ರಿಕ್ ಎಂಬ ಕಡುಬು ಕರಿಯುವ ಬಾಣಲೆ. ಬೆಳಿಗ್ಗೆ ಒಲೆ ಹೊತ್ತಿಸಿದವಳು ಅಲ್ಲೇ ಒರಗಿ ಹೋಗಿಬಿಟ್ಟಿದ್ದಳು. ಆರಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ; ಕೆಂಡ ಬೂದಿ ಹೊದ್ದು ಮಲಗಿತ್ತು.

"ಅವಳ ಕೈಲಿ ತಿಂದೋರು ಯಾರಾದ್ರೂ ಹೇಳಬಹುದಲ್ಲ?" ಎಂದ ರಬ್ಬಿ.

ಮಂದಿರದ ಬೀಗ ಕಾಯುವ ಫ್ರಾಜಿ ಮೂಗು ಮುರಿದ. "ಬ್ರಿಕ್ ತಿಂದೋರೆಲ್ಲ ಮಕ್ಕಳಾದ್ರೆ ಇವತ್ತು ಊರೇ ತಬ್ಬಲಿ ಆಗುತ್ತೆ ಬಿಡಿ."

ಬುಗೀದ್ ನೆಲ ನೋಡಿದ. ಅವನು ಓದು ಕಲಿತದ್ದು ತನ್ನ ಅಪ್ಪನಿಂದ. ಹಾಗಂತ ನಲವತ್ತು ವರ್ಷದಿಂದ ಅವನೇ ಹೇಳಿಕೊಂಡು ಬಂದಿದ್ದ.

*

"ಕತ್ತೆ ಕೂಡ ಇಷ್ಟೊತ್ತಿಗೆ ಕಲೀತಿತ್ತು," ಎಂದು ಅಪ್ಪ ಪುಸ್ತಕ ಮುಚ್ಚಿದ್ದ. ಆಗ ಬುಗೀದನಿಗೆ ಹದಿಮೂರು ತುಂಬಲು, ಊರೆದುರು ಧರ್ಮಗ್ರಂಥ ತೋರಾ ಓದಲು ಉಳಿದದ್ದು ಮೂರೇ ವಾರ.

"ಹಿತ್ತಲ ಬಾಗಿಲಿಂದ ಬಾರೋ," ಎಂದಳು ಕಮ್ಮೂನತ್ತೆ. "ಹೆಂಗಸು ಕಲಿಸಿದ್ಲು ಅಂತ ಬಾಯಿಬಿಟ್ಟೀಯ, ಊರು ನಗುತ್ತೆ."

ಮೂವತ್ತು ವರ್ಷ ಗೋಡೆಯಾಚೆಯ ಪಾಠ ಕೇಳಿ ಅವಳಿಗೆಲ್ಲ ಬಾಯಿಗೆ ಬರುತ್ತಿತ್ತು. ಒಂದು ಸಾಲು ಹೇಳುವಳು, ಒಲೆಗೆ ಉಫ್ ಎಂದು ಊದುವಳು, ಮತ್ತೊಂದು ಸಾಲು ಹೇಳುವಳು. ಬುಗೀದ್ ಉಫ್ ಸಮೇತ ಕಲಿತ.

"ಹದಿಮೂರು ತುಂಬಿದ್ರೆ ಏನಾಗುತ್ತೆ ಅತ್ತೆ?"

"ಇಲ್ಲೀತನಕ ನಿನ್ನ ತಪ್ಪೆಲ್ಲ ನಿಮ್ಮಪ್ಪನ ತಲೆಗೆ. ಆಮೇಲೆ ನಿನ್ನ ತಲೆಗೆ. ಅಷ್ಟೆ. ತಿನ್ನು, ಆರುತ್ತೆ."

ಆ ದಿನ ಅವನು ಗೆದ್ದ. ಉಫ್ ಬಂದಲ್ಲೆಲ್ಲ ಕೆಮ್ಮಿ ಮುಚ್ಚಿದ. ಆ ಮಂದಿರದಲ್ಲಿ ಓದುವವರೆಲ್ಲ ಕೆಮ್ಮುತ್ತಿದ್ದರು. ಕಡಲ ಗಾಳಿ ಎನ್ನುತ್ತಿದ್ದರು ಊರವರು.

*

"ನಾನು ಹೇಳ್ತೀನಿ ರಬ್ಬಿ."

"ನೀನಾ?" ಎಂದ ಫ್ರಾಜಿ. "ಅವಳು ನಿಂಗೇನಾಗ್ಬೇಕು?"

"ಓದು ಕಲಿಸಿದೋಳು. ನಮ್ಮಪ್ಪ ಅಲ್ಲ, ಇವಳು."

ಬುಗೀದ್ ಮೊದಲ ಸಾಲು ಹೇಳಿದ. ಕೊನೆಗೆ ಕೆಮ್ಮಲಿಲ್ಲ. ನಲವತ್ತು ವರ್ಷದ ಉಸಿರನ್ನು ಬಿಟ್ಟ: ಉಫ್.

ಎರಡನೇ ಸಾಲಿಗೆ ಪಕ್ಕದಲ್ಲೇ ಇನ್ನೊಂದು ಉಫ್ ಕೇಳಿಸಿತು. ಬುಗೀದ್ ತಿರುಗಿ ನೋಡಿದ. ಫ್ರಾಜಿ!

"ಕಳ್ಳಾ, ನೀನೂನಾ?"

"ಮಂಗಳವಾರ ಬರ್ತಿದ್ದೆ," ಎಂದು ಫ್ರಾಜಿ ಪಿಸುಗುಟ್ಟಿದ. "ಸುಮ್ನೆ ಮುಂದಿನ ಸಾಲು ಹೇಳೋ."

ಮೂರನೇ ಸಾಲಿಗೆ ಕಟುಕ, ಅಕ್ಕಸಾಲಿಗ, ಬಾಗಿಲಲ್ಲಿ ನಿಂತಿದ್ದ ಬಟ್ಟೆ ವ್ಯಾಪಾರಿ. ನಾಲ್ಕಕ್ಕೆ ಅಂಗಳವೇ ಊದಿತು. ಕಡೇ ಸಾಲಿಗೆ ಎಲ್ಲರೂ ರಬ್ಬಿಯತ್ತ ನೋಡಿದರು. ರಬ್ಬಿ ಸ್ಯೋನ್ ಆಕಾಶ ನೋಡಿದ, ನೆಲ ನೋಡಿದ, ಚಟ್ಟದ ಕಡೆ ಬಾಗಿದ. ಅವನ ಬಿಳಿ ಗಡ್ಡ ಒಮ್ಮೆ ಅದುರಿತು.

ಉಫ್.

ಒಲೆಯ ಬೂದಿ ಎದ್ದು ಹಾರಿತು. ಒಳಗಿನ ಕೆಂಡ ನಿಗಿನಿಗಿ ಕೆಂಪಾಯಿತು.