ಖಳನಾಯಕನ ಅವ್ವ

ಹೊಳೆ ಊರೊಳಗೆ ಬಂದು ಹೋದ ಮರುವರ್ಷ, ಎರಡು ಸಾವಿರದ ಆರನೆಯ ಇಸವಿ. ಕಬ್ಬು ಕಡಿದು ಮುಗಿದಿತ್ತು, ಬಿಸಿಲು ಏರುತ್ತಿತ್ತು. ಅಂಕಲಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ನಾಟಕದ ತಾಲೀಮು ಶುರುವಾಗಬೇಕು. ಮುರಗೆಪ್ಪ ಕಟ್ಟೆಯ ಮೇಲೆ ಕೂತವನು ಏಳಲೇ ಇಲ್ಲ.

"ಈ ವರ್ಷ ನಾ ಸಾಯಂಗಿಲ್ಲ," ಅಂದ.

ನಾಟಕ ಬರೆಯುವವನು ಅವನ ತಮ್ಮ ಧೂಳಪ್ಪ. ಕಲಿತದ್ದು ನಾಲ್ಕನೆಯ ಇಯತ್ತೆ, ಆದರೆ ಅವನು ಮಾತು ಕಟ್ಟಿದರೆ ಮಂದಿ ಎದ್ದು ಹೋಗುತ್ತಿರಲಿಲ್ಲ. ಅಣ್ಣ ತಮ್ಮ ಬೇರೆಯಾಗಿದ್ದರೂ ಬಾವಿ ಒಂದೇ. ನೀರಿನ ಪಾಳಿಗೆ ಜಗಳ ತಪ್ಪುತ್ತಿರಲಿಲ್ಲ. ಬಾವಿಯ ದಂಡೆಯಲ್ಲಿ ಅಣ್ಣ ಬೈದದ್ದೆಲ್ಲ ಬೇಸಿಗೆಗೆ ಖಳನಾಯಕನ ಮಾತಾಗಿ ಬರುತ್ತಿತ್ತು. ಆ ಪಾತ್ರವೂ ಮುರಗೆಪ್ಪನದೇ, ಬೇರೆಯವರ ಬಾಯಿಗೆ ಆ ಮಾತು ಒಪ್ಪುತ್ತಿರಲಿಲ್ಲ. ಕೊನೆಯ ಅಂಕದಲ್ಲಿ ಒಳ್ಳೆಯ ತಮ್ಮನ ಕತ್ತಿಗೆ ಕೆಟ್ಟ ಅಣ್ಣ ಬೀಳುವುದು, ಮಂದಿ ಸೀಟಿ ಹೊಡೆಯುವುದು, ಹೀಗೇ ನಡೆದು ಬಂದಿತ್ತು.

"ನೀ ಸಾಯಲಿಲ್ಲಂದ್ರ ನಾಟಕ ಮುಗಿಯೂದು ಹ್ಯಾಂಗಣ್ಣಾ?"

"ಅದು ನಿನ್ನ ಚಿಂತಿ. ಎಷ್ಟ ನಾಟಕ ಬರದಿ, ಎಲ್ಲಾದ್ರಾಗೂ ಅವ್ವ ತಮ್ಮನ ಕಡೀನ. ಖಳನಾಯಕಗ ಅವ್ವ ಇರಂಗಿಲ್ಲೇನಲೇ? ನನಗೂ ಆಕಿ ಕೂಡ ಒಂದು ಸೀನ ಹಾಕು. ಇಲ್ಲಂದ್ರ ಈ ಮೀಸಿ ನೀನ ಹಚ್ಕೋ," ಅಂದು ನಾಟಕದ ಮೀಸೆಯನ್ನು ತಮ್ಮನ ಕೈಗಿಟ್ಟ.

ಕೂತವರು ನಕ್ಕರು, ಧೂಳಪ್ಪ ನಗಲಿಲ್ಲ. ಅಣ್ಣನಿಲ್ಲದೆ ನಾಟಕ ಆಗದು. ಮನೆಗೆ ಹೋಗಿ ಬರೆಯಲು ಕೂತರೆ ಒಂದು ಮಾತೂ ಹುಟ್ಟಲಿಲ್ಲ. ತೀರಿಹೋದ ಅವ್ವನ ತೊಡೆ, ಸೆರಗು, ಹಾಡು ಎಲ್ಲ ನೆನಪಿತ್ತು. ಅದರಲ್ಲೆಲ್ಲೂ ಅಣ್ಣ ಇರಲಿಲ್ಲ.

ಮರುದಿನ ಬಾವಿಯ ಕಡೆ ಹೋದ. ಮುರಗೆಪ್ಪ ಕಡಿದ ಕಬ್ಬಿನ ಕೂಳೆಗೆ ನೀರು ತಿರುವುತ್ತಿದ್ದ.

"ಪಾಳಿ ನಂದೈತಿ," ಅಂದ, ತಲೆ ಎತ್ತದೆ.

"ನೀರಿಗೆ ಬಂದಿಲ್ಲ. ಅವ್ವ ನಿನ್ನ ಕೂಡ ಹ್ಯಾಂಗಿದ್ಳು, ಕೇಳಾಕ ಬಂದೇನಿ."

ಮುರಗೆಪ್ಪ ಸಲಿಕೆ ಊರಿ ನಿಂತ. "ಸಣ್ಣಾವಿದ್ದಾಗ ಇಲ್ಲೇ ದನಾ ಕಾಯತಿದ್ದೆ. ಮಧ್ಯಾಹ್ನ ರೊಟ್ಟಿ ತರತಿದ್ಳು. ಆ ಬೇವಿನ ಗಿಡದ ಬುಡಕ್ಕ ಕುಂಡ್ರಿಸಿಕೊಂಡು ತಲ್ಯಾಗ ಹೇನ ನೋಡತಿದ್ಳು."

"ಕಳೆ ತಗ್ಯಾಕ ಹೋಗ್ಯಾಳಂತ ನನಗ ಹೇಳತಿದ್ರು. ನಾ ಬಾಗಲಾ ಹಿಡಕೊಂಡು ಅಳತಿದ್ದೆ."

"ಎಲ್ಲೀ ಕಳೆ ತಂದಿ? ಹೇನ ಇರದಿದ್ರೂ ನೋಡತಿದ್ಳು."

ಧೂಳಪ್ಪ ಸರ್ರನೆ ತಿರುಗಿ ನಡೆದ. ಅವನ ತಲೆಗೆ ಅವ್ವ ಎಣ್ಣೆ ಹಚ್ಚಿದ್ದುಂಟು. ಸುಮ್ಮನೆ ಅಷ್ಟು ಹೊತ್ತು ಕೂತದ್ದಿಲ್ಲ. ಆ ಸಿಟ್ಟಿನಲ್ಲೇ ಮನೆಗೆ ಬಂದು ಬರೆದ. ಸಂಜೆಯೊಳಗೆ ಸೀನು ಆಯಿತು. ಕೇಳಿದ ಮುರಗೆಪ್ಪ ಮೀಸೆ ತಿರುಗಿ ಇಸಗೊಂಡ.

ಅವ್ವನ ಪಾತ್ರಕ್ಕೆ ನಿಪ್ಪಾಣಿಯಿಂದ ಅಕ್ಕುತಾಯಿಯನ್ನು ಕರೆಸಿದ್ದರು. ನಾಟಕದ ದಿನ ಮುರಗೆಪ್ಪ ದೊಡ್ಡ ಮೀಸೆ, ಬಾಡಿಗೆಯ ಕೃತಕ ಕೂದಲು ಹಾಕಿಕೊಂಡು ಆಕೆಯ ಮುಂದೆ ಕೂತ. ಆ ಕೂದಲಲ್ಲಿ ಆಕೆ ಹೇನು ಹುಡುಕತೊಡಗಿದಾಗ ಮಂದಿ ಹೋ ಅಂತ ನಕ್ಕರು. ಆಕೆ ಅವಸರ ಮಾಡಲಿಲ್ಲ. ನಗೆ ತಾನೇ ಇಳಿಯಿತು. ಮುರಗೆಪ್ಪ ಮಾತು ಬಿಟ್ಟು ಕಣ್ಣು ಮುಚ್ಚಿದ. ಪರದೆಯ ಬದಿಗೆ ನಿಂತು ಮಾತು ಎತ್ತಿಕೊಡುವ ಧೂಳಪ್ಪನೂ ಎತ್ತಿಕೊಡಲಿಲ್ಲ. ಅವನಿಗೆ ಹೊಟ್ಟೆಕಿಚ್ಚು ಏಳುತ್ತಿತ್ತು. ಅದರ ಜೊತೆಗೇ, ಬಾಗಿಲು ಹಿಡಿದು ಅಳುವ ಹುಡುಗನ ಒಂದು ಹೊಸ ನಾಟಕವೂ ಏಳುತ್ತಿತ್ತು.

ಕೊನೆಯ ಅಂಕದಲ್ಲಿ ತಮ್ಮನ ಪಾತ್ರದ ಅಣ್ಣಾಸಾಬ ಕತ್ತಿ ಎತ್ತಿದ. ಹೆಣ್ಣುಮಕ್ಕಳ ಕಡೆಯಿಂದ ಯಾರೋ, "ಬ್ಯಾಡೋ ಯಪ್ಪಾ, ಅವನೂ ಆಕಿ ಮಗ ಅದಾನ," ಅಂದರು. ಅಣ್ಣಾಸಾಬ ಎತ್ತಿದ ಕೈ ಎತ್ತಿದಂತೆಯೇ ಪರದೆಯ ಕಡೆ ನೋಡಿದ.

"ಬಿಡು," ಅಂತ ಧೂಳಪ್ಪ ಮೆಲ್ಲಗೆ ಎತ್ತಿಕೊಟ್ಟ.

ಮುರಗೆಪ್ಪ ಬದುಕಿಯೇ ಒಳಗೆ ಬಂದ. "ಇದಕ್ಕಿಂತ ಸಾಯೂದ ಹಗರ ಇತ್ತಲೇ," ಅಂದ, ಮೀಸೆ ಕೀಳುತ್ತ.

ಮುಂಜಾನೆ ಅಣ್ಣ ತಮ್ಮ ಇಬ್ಬರೂ ಬಸ್ಸು ನಿಲ್ಲುವ ಜಾಗಕ್ಕೆ ಬಂದರು. ಅಕ್ಕುತಾಯಿಯ ಟ್ರಂಕನ್ನು ಮುರಗೆಪ್ಪ ಹೊತ್ತಿದ್ದ. ನಿಪ್ಪಾಣಿಯ ದಾರಿಯ ಚಿಕ್ಕೋಡಿ ಬಸ್ಸು ನಿಲ್ಲುವ ಮೊದಲೇ ಧೂಳಪ್ಪ ಓಡಿ ಕಿಟಕಿಯೊಳಗೆ ಟಾವೆಲ್ ಒಗೆದ.

"ಸೀಟ ನಾ ಹಿಡದೇನ್ರಿ ಅಕ್ಕಾರ."

"ಟ್ರಂಕ ನಾ ತಂದೇನ್ರಿ."

"ಇಬ್ರೂ ಚಲೋ ಮಕ್ಕಳಪಾ," ಅಂದು ಆಕೆ ಹತ್ತಿ ಕೂತಳು.